ಮಣ್ಣುಮುಕ್ಕ ಮತ್ತು ಮಫ್ತಿಯ ಗಿರಾಕಿ

ಮುಂಗಾರಿನ ಮೊದಲ ಹದಮಳೆ ಬಿದ್ದ ಮಾರನೆಯ ಸಂಜೆ. ತುಮಕೂರು ಬಳಿಯ ವಸಂತನರಸಾಪುರದ ಕಾರ್ಖಾನೆ ಕಾಂಪೌಂಡುಗಳು ಮುಗಿದು ಹೊಲ ಶುರುವಾಗುವ ಕಡೆ, ತಂಗಡಿ ಪೊದೆಯ ಬುಡದಲ್ಲಿ ಕೆಮ್ಮಣ್ಣು ಮೆಲ್ಲಗೆ ಉಬ್ಬಿತು. ತುಸು ಹೊತ್ತು ಸುಮ್ಮನಿದ್ದು ಮತ್ತೆ ಉಬ್ಬಿತು. ಆಮೇಲೆ ಗುದ್ದಲಿಯ ಅಂಚಿನಂಥ ಮೂತಿ, ನೆಟ್ಟಗೆ ಸೀಳಿದ ಪಾಪೆಯ ಪುಟ್ಟ ಕಣ್ಣು, ನುಣುಪಾದ ಕಂದು ಮೈ. ಮಣ್ಣುಮುಕ್ಕ, ಊರವರ ಬಾಯಲ್ಲಿ ಎರಡು ತಲೆ ಹಾವು. ವಿಷವಿಲ್ಲ, ಅವಸರವೂ ಇಲ್ಲ. ನಾನು ಹತ್ತಿರ ಕುಕ್ಕರಿಸಿದ್ದೇ ತಡ, ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಮೊಂಡು ಬಾಲವನ್ನು ಮೇಲೆತ್ತಿತು. ಶತ್ರು ಬಾಲಕ್ಕೆ ಬಾಯಿ ಹಾಕಲಿ, ತಲೆ ಉಳಿಯಲಿ ಎಂಬ ಉಪಾಯ. ಇದರ ಬಾಲದ ತುದಿಯಲ್ಲೂ ಮಾಗಿದ ಗಾಯದ ಗುರುತಿತ್ತು.

ಸಡಿಲ ಮಣ್ಣು, ರಾಗಿ, ಕಡಲೆಕಾಯಿ, ಬದುವಿನ ತುಂಬ ಇಲಿ ಬಿಲ: ಈ ಸೀಮೆ ಅದಕ್ಕೆ ಒಗ್ಗಿದ್ದು. 2014ರಲ್ಲಿ ಇಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಧಾನ್ಯ ಸೇರುವಲ್ಲಿ ಇಲಿ ಸೇರುತ್ತದೆ; ಬಿಲಕ್ಕೆ ನುಗ್ಗಿ ಇಲಿಯನ್ನು ಸುತ್ತಿ ಅಮುಕುವ ಈ ಹಾವಿಗೆ ಅಲ್ಲಿ ಕೈತುಂಬ ಕೆಲಸ. ಬದುವಿನ ಮೇಲೆ ಕೂತಿದ್ದ ಅಜ್ಜ, “ಇರ್ಲಿ ಬುಡಪ್ಪ, ಕಡ್ಲೆಕಾಯಿ ಕಾಯೋದು ಅದೇಯ” ಅಂದರು.

ಇಂಥದ್ದನ್ನೂ ಕದಿಯುತ್ತಾರೆ. ನಿಧಿ ತೋರಿಸುತ್ತದೆ, ಮನೆಯಲ್ಲಿದ್ದರೆ ಅದೃಷ್ಟ ಎಂಬ ಶುದ್ಧ ಸುಳ್ಳು ಹಬ್ಬಿಸಿ, ತೂಕ ಏರಿದಂತೆ ಲಕ್ಷ, ಕೋಟಿಯ ಮಾತಾಡುತ್ತಾರೆ. ತೂಕಕ್ಕಾಗಿ ಉಕ್ಕಿನ ಗುಂಡು ನುಂಗಿಸಿದ್ದುಂಟು. ಬಾಲದಲ್ಲೂ ಬಾಯಿ ಕಾಣಲೆಂದು ಸುಟ್ಟದ್ದುಂಟು. ಮಣ್ಣೊಳಗೆ ತನ್ನ ಪಾಡಿಗಿದ್ದ ಜೀವಕ್ಕೆ ಎಂಥ ಹಿಂಸೆ!

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದರೆ ಹೊಲದಿಂದ ಹಾವು ಹೋದರೆ ದೂರು ಕೊಡುವವರು ಯಾರು? ಅದಕ್ಕೇ ಪೊಲೀಸರು, ಅರಣ್ಯ ಸಿಬ್ಬಂದಿ ಗಿರಾಕಿಗಳ ಸೋಗಿನಲ್ಲಿ ಹೋಗುತ್ತಾರೆ. ಬಾತ್ಮೀದಾರನಿಂದ ಸುಳಿವು, ಫೋನಿಗೆ ತಕ್ಕಡಿಯ ಮೇಲಿಟ್ಟ ಹಾವಿನ ವಿಡಿಯೊ, ಚೌಕಾಸಿ, ಕೊನೆ ಗಳಿಗೆಯಲ್ಲಿ ಜಾಗ ಬದಲು. ಮಫ್ತಿಯಲ್ಲಿರುವವರು ಚೀಲ ಬಿಚ್ಚುವವರೆಗೂ ಮಿಸುಕುವಂತಿಲ್ಲ. ಮೊದಲೇ ಎದ್ದರೆ ಮಾಲೂ ಇಲ್ಲ, ಸಾಕ್ಷಿಯೂ ಇಲ್ಲ. ಆಮೇಲೆ ಪಂಚರ ಎದುರು ಮಹಜರು. ವನ್ಯಜೀವಿ ಸಂಸ್ಥೆ ಡಬ್ಲ್ಯುಸಿಎಸ್-ಇಂಡಿಯಾ ಲೆಕ್ಕದಂತೆ 2016ರಿಂದ 2021ರವರೆಗೆ ದೇಶದಲ್ಲಿ ಬೆಳಕಿಗೆ ಬಂದ, ಈ ಹಾವಿನ ಅಕ್ರಮ ವ್ಯಾಪಾರದ ಪ್ರಕರಣ 172.

ನನ್ನನ್ನು ಕಾಡುವುದು ಆಮೇಲಿನ ಸಂಗತಿ. ಚೀಲದಲ್ಲಿ ಸಿಕ್ಕ ಹಾವು ಯಾವ ಬದುವಿನದು? ಕೈಯಿಂದ ಕೈಗೆ ದಾಟಿ ಬಂದದ್ದಾದರೆ ಮಾರುವವನಿಗೇ ಗೊತ್ತಿರುವುದಿಲ್ಲ. ಎಲ್ಲೋ ಒಂದು ಕಾಡಿಗೆ ಬಿಟ್ಟರೆ ಅದರ ಮಣ್ಣು, ಬಿಲ, ಬೇಟೆಯ ದಾರಿ ಯಾವುದೂ ಅದಕ್ಕೆ ಮರಳಿ ಸಿಗುವುದಿಲ್ಲ. ವಿಚಾರಣೆಯಲ್ಲಿ ಯಾರಿಗೆ ಮಾರಲು ಎಂದು ಕೇಳುವಷ್ಟೇ ಕಟ್ಟುನಿಟ್ಟಾಗಿ ಎಲ್ಲಿ ಹಿಡಿದದ್ದು ಎಂದೂ ಕೇಳಿ ದಾಖಲಿಸಬೇಕು.

ನಿಮ್ಮ ಹೊಲದಲ್ಲಿ ಮಣ್ಣುಮುಕ್ಕ ಕಂಡರೆ ಅಲ್ಲೇ ಬಿಡಿ. ಊರ ಹೆಸರು ಹಾಕಿ ಫೋಟೊ ಹಂಚಬೇಡಿ. ಯಾರಾದರೂ ಅದರ ತೂಕ, ರೇಟು ವಿಚಾರಿಸಿಕೊಂಡು ಬಂದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.