ಭೇದಿಯಾದಾಗ ನೀರು ನಿಲ್ಲಿಸಬೇಡಿ

ಲಿಂಗರಾಜಪುರದ ನನ್ನ ಕ್ಲಿನಿಕ್ಕಿಗೆ ಕಳೆದ ವಾರ ಅಜ್ಜಿಯೊಬ್ಬರು ಒಂದೂವರೆ ವರ್ಷದ ಮೊಮ್ಮಗನನ್ನು ಎತ್ತಿಕೊಂಡು ಬಂದರು. ರಾತ್ರಿಯಿಂದ ಎಂಟು ಬಾರಿ ನೀರಿನಂತೆ ಭೇದಿ. ಮಗುವಿನ ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು. "ಕುಡಿಸಿದಷ್ಟೂ ಹೊರಗೆ ಹೋಗುತ್ತೆ ಡಾಕ್ಟ್ರೇ, ಅದಕ್ಕೇ ನೀರು ನಿಲ್ಲಿಸಿಬಿಟ್ವಿ" ಎಂದರು. ಪ್ರೀತಿಯಿಂದಲೇ ಮಾಡಿದ ಈ ತಪ್ಪು ಪ್ರಾಣಕ್ಕೆ ಎರವಾಗಬಹುದಿತ್ತು. ಏಕೆಂದು ನೋಡೋಣ.

ನಮ್ಮ ಜೀವಕೋಶಗಳು ರಾಸಾಯನಿಕ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಕರುಳಿನ ಒಳಪದರದ ಕೋಶಗಳ ಮೇಲೆ ಜಿಸಿ-ಸಿ ಎಂಬ ಗ್ರಾಹಕ ಪ್ರೋಟೀನ್ ಇದೆ. ಅದನ್ನು ಬಾಗಿಲಿನ ಕರೆಗಂಟೆ ಎಂದುಕೊಳ್ಳಿ. ಗ್ವಾನಿಲಿನ್ ಎಂಬ ನಮ್ಮದೇ ಹಾರ್ಮೋನು ಗಂಟೆಯನ್ನು ಮೆಲ್ಲಗೆ ಒತ್ತಿದಾಗ ಕೋಶದೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಹುಟ್ಟುತ್ತದೆ. ಆಗ ಕೋಶವು ಸ್ವಲ್ಪ ಲವಣವನ್ನು ಕರುಳಿಗೆ ಬಿಡುತ್ತದೆ. ಹಿಂದೆಯೇ ನೀರೂ ಹೋಗುತ್ತದೆ. ಕರುಳು ತೇವವಾಗಿರುವುದು ಹೀಗೆ.

ಭೇದಿಗೆ ರೋಟಾ ವೈರಸ್ ಸೇರಿದಂತೆ ಹಲವು ಕಾರಣಗಳಿವೆ. ಕಲುಷಿತ ನೀರಿನಿಂದ ಬರುವ ಇ. ಕೋಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಆ ಹಾರ್ಮೋನನ್ನೇ ಹೋಲುವ ವಿಷ ತಯಾರಿಸುತ್ತವೆ. ಅದು ಗಂಟೆಯನ್ನು ಒತ್ತಿ ಹಿಡಿದುಬಿಡುತ್ತದೆ. ಲವಣ, ನೀರು ಸತತವಾಗಿ ಹರಿದುಹೋಗುತ್ತವೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಂಧ್ಯಾ ವಿಶ್ವೇಶ್ವರಯ್ಯ ಅವರ ತಂಡ ಈ ಗ್ರಾಹಕದ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದೆ. ನಾರ್ವೆಯ ಒಂದೇ ಕುಟುಂಬದ 32 ಮಂದಿಗೆ ಎಳವೆಯಿಂದಲೇ ಭೇದಿ ಕಾಡುತ್ತಿತ್ತು. ವಂಶವಾಹಿಯ ದೋಷದಿಂದ ಅವರ ಗ್ರಾಹಕವು ಸಂದೇಶಕ್ಕೆ ಅತಿಯಾಗಿ ಸ್ಪಂದಿಸುತ್ತಿದೆ ಎಂದು ಅಲ್ಲಿನ ವೈದ್ಯರೊಡನೆ ಈ ತಂಡವೂ ಸೇರಿ 2012ರಲ್ಲಿ ಪ್ರಕಟಿಸಿತು. ಒಂದು ಸಂಕೇತ ಹದ ತಪ್ಪಿದರೆ ಸಾಕು ನೋಡಿ!

ಸಮಾಧಾನದ ಸಂಗತಿಯೂ ಇದೆ. ಈ ವಿಷ ಕರುಳಿನ ಇನ್ನೊಂದು ಬಾಗಿಲನ್ನು ಮುಚ್ಚಲಾರದು. ಆ ಬಾಗಿಲಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಹೋಗುತ್ತವೆ, ನೀರನ್ನೂ ಕರೆದೊಯ್ಯುತ್ತವೆ. ಓ.ಆರ್.ಎಸ್. ಗುಟ್ಟು ಇದೇ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬಿಸ್ ಇಂಥ ದ್ರಾವಣವನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು.

ಪೊಟ್ಟಣದ ಮೇಲೆ ಬರೆದಷ್ಟೇ ನೀರನ್ನು, ಕುದಿಸಿ ಆರಿಸಿ, ಬೆರೆಸಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ಚಮಚದಲ್ಲಿ ಕುಡಿಸಿ. ಪೊಟ್ಟಣ ಸಿಗುವವರೆಗೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟವಾಗಿ ಅಳೆದು ಹಾಕಿ. ಅಂಗಡಿಯ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಎದೆಹಾಲು, ಊಟ ನಿಲ್ಲಿಸಬೇಡಿ. ವೈದ್ಯರು ಹೇಳಿದಂತೆ ಜಿಂಕ್ ಕೊಡಿ.

ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಮಂಪರು ಕಂಡರೆ ಅಥವಾ ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಆ ಅಜ್ಜಿ ನಮ್ಮ ಬೆಂಚಿನ ಮೇಲೇ ಕುಳಿತು ನಾಲ್ಕು ಗಂಟೆ ಕಾಲ ಚಮಚ ಹಿಡಿದರು. ಭೇದಿ ಪೂರ್ತಿ ನಿಂತಿರಲಿಲ್ಲ. ಆದರೆ ಮಗು ಮೂತ್ರ ಮಾಡಿತು, ಕಣ್ಣೀರಿಟ್ಟು ಅತ್ತಿತು. ನನಗೆ ಬೇಕಾಗಿದ್ದದ್ದು ಆ ಕಣ್ಣೀರೇ.