ಪದ್ಮಿನಿಯ ಸ್ಟೀರಿಂಗ್ ಬಿಗಿ ಮಾಡುವವರು

2023ರ ಅಕ್ಟೋಬರ್ 30ಕ್ಕೆ ಮುಂಬಯಿಯ ರಸ್ತೆಗಳಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಕಾಲ ಮುಗಿಯಿತು. ಕೊನೆಯ ಪದ್ಮಿನಿ ತಾರ್‌ದೇವ್ ಆರ್‌ಟಿಒದಲ್ಲಿ ಕಾಲಿ-ಪೀಲಿಯಾಗಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿಯಾಗಿ, ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷವೇ ಆಯಸ್ಸು ಎಂಬ ನಿಯಮ ಇರುವುದರಿಂದ ಅದರ ಗಡುವೂ ತೀರಿತು. ಅಂದು ಪತ್ರಿಕೆಗಳ ತುಂಬ ಕಪ್ಪು-ಹಳದಿ ಬಣ್ಣದ ನೆನಪುಗಳೇ. ಆದರೆ ಅಜ್ಜನೋ ಅಪ್ಪನೋ ಕೊಂಡ ಪದ್ಮಿನಿಯನ್ನು, ಜನರ ಬಾಯಲ್ಲಿ ಫಿಯೆಟ್ಟನ್ನು, ಇನ್ನೂ ಮನೆಯ ಷೆಡ್ಡಿನಲ್ಲಿ ಇಟ್ಟುಕೊಂಡವರ ಚಿಂತೆ ಬೇರೆ. ಟ್ಯಾಕ್ಸಿ ಹೋದಮೇಲೆ ಬಿಡಿಭಾಗ ಯಾರು ಮಾಡುತ್ತಾರೆ?

1990ರ ದಶಕದಲ್ಲಿ ಮುಂಬಯಿಯ ಟ್ಯಾಕ್ಸಿ ಎಂದರೆ ಬಹುಪಾಲು ಪದ್ಮಿನಿಯೇ. ಹಗಲೂ ರಾತ್ರಿ ಎರಡು ಪಾಳಿಯಲ್ಲಿ ಓಡುವ ಗಾಡಿಗೆ ಟೈ ರಾಡ್ ಎಂಡ್, ಕಿಂಗ್ ಪಿನ್, ಬುಷ್ ಎಲ್ಲ ಬೇಗ ಸವೆಯುತ್ತಿದ್ದವು. ಸವೆದಷ್ಟೂ ಹೊಸವು ತಯಾರಾಗಿ ಅಂಗಡಿಗೆ ಬರುತ್ತಿದ್ದವು. ಆ ವ್ಯಾಪಾರದ ನೆರಳಿನಲ್ಲೇ ಖಾಸಗಿ ಫಿಯೆಟ್‌ಗಳೂ ಬದುಕಿದವು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತವರೂ ಮುಂಬಯಿಯ ನೆಂಟರಿಗೆ ಫೋನ್ ಮಾಡಿ ಸಾಮಾನು ತರಿಸಿಕೊಳ್ಳುತ್ತಿದ್ದರು. ಈಗ ಗಿರಾಕಿ ಕಡಿಮೆ, ಹೊಸ ಮಾಲು ಇನ್ನೂ ಕಡಿಮೆ. ಹಾಗಾಗಿ ಹಳೆಯದನ್ನೇ ಬಿಚ್ಚಿ, ಸವೆದ ಜಾಗವನ್ನು ತುಂಬಿ, ಮತ್ತೆ ಅಳತೆಗೆ ತರುವ ಕೈಕೆಲಸಕ್ಕೆ ಬೆಲೆ ಬಂದಿದೆ. ಆ ಕೆಲಸ ಬಲ್ಲವರು ಮುಂಬಯಿಯ ಹಳೇ ಗ್ಯಾರೇಜುಗಳಲ್ಲಿ, ಲೇತ್ ಅಂಗಡಿಗಳಲ್ಲಿ ಇನ್ನೂ ಇದ್ದಾರೆ. ಅವರ ಪರಿಚಯ ನಮಗಾಗಬೇಕು.

ಈ ಕಾರಿನ ಹಿನ್ನೆಲೆಯಲ್ಲಿ ಕನ್ನಡಿಗರೊಬ್ಬರ ದುಡಿಮೆಯೂ ಇದೆ. ನಮ್ಮ ದೇಶದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆ ಸಿದ್ಧಪಡಿಸಿದರು. ಆಗ ಅವರಿಗೆ 70 ದಾಟಿತ್ತು. ಉದ್ಯಮಿ ವಾಲಚಂದ್ ಹೀರಾಚಂದ್ ಕೈಜೋಡಿಸಿದರು. ಕಾರ್ಖಾನೆಯನ್ನು ಬೆಂಗಳೂರಿನಲ್ಲೇ ಕಟ್ಟುವ ಮಾತೂ ನಡೆದಿತ್ತು, ಬ್ರಿಟಿಷ್ ಸರ್ಕಾರ ಅದಕ್ಕೆ ದಾರಿ ಬಿಡಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನ ಕಾರ್ಖಾನೆಯನ್ನು, ಇಂದಿನ ಎಚ್‌ಎಎಲ್‌ನ ಮೂಲ ಅದೇ. ಕಾರಿಗಾಗಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ಮೊದಲ ಗಾಡಿಗಳು ಹೊರಬಂದವು. ಅವು ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿಗಳು, ಇಲ್ಲಿ ಜೋಡಿಸಿದವು. 1950ರ ದಶಕದಲ್ಲಿ ಫಿಯೆಟ್ 1100 ಬಂತು, ಆಮೇಲೆ ಡಿಲೈಟ್ ಬಂತು, 1970ರ ದಶಕದಲ್ಲಿ ಅದೇ ಕಾರು ಪದ್ಮಿನಿ ಆಯಿತು. ಹೊಸ ಶತಮಾನ ಕಾಲಿಡುವ ಹೊತ್ತಿಗೆ ತಯಾರಿಕೆ ನಿಂತಿತು. ಕುರ್ಲಾದ ಆ ಜಾಗದಲ್ಲಿ ಈಗ ಕೋಹಿನೂರ್ ಸಿಟಿಯ ಕಟ್ಟಡಗಳಿವೆ. ಮಾಟುಂಗ-ಮಾಹಿಮ್ ಕಡೆಯ ಕರ್ನಾಟಕ ಸಂಘದ ಸಭಾಗೃಹಕ್ಕೆ ವಿಶ್ವೇಶ್ವರಯ್ಯನವರ ಹೆಸರಿದೆ, ಅಲ್ಲಿಗೆ ಹೋಗಿ ಬರುವವರಲ್ಲಿ ಎಷ್ಟು ಜನರಿಗೆ ಹೊರಗೆ ನಿಂತಿದ್ದ ಟ್ಯಾಕ್ಸಿಗೂ ಆ ಹೆಸರಿಗೂ ಇರುವ ನಂಟು ತಿಳಿದಿತ್ತೋ.

ಪದ್ಮಿನಿಯ ಸ್ಟೀರಿಂಗಿನದು ಹಳೇ ಕಾಲದ ಬಂದೋಬಸ್ತು. ಚಕ್ರ ತಿರುಗಿಸಿದರೆ ಕೊಳವೆಯೊಳಗಿನ ಕಂಬಿ ತಿರುಗುತ್ತದೆ. ಅದರ ಬುಡದಲ್ಲಿ ವರ್ಮ್ ಎಂಬ ಸುರುಳಿ ಹಲ್ಲು. ಅದಕ್ಕೆ ಕಚ್ಚಿಕೊಂಡು ಅಡ್ಡಲಾಗಿ ಇನ್ನೊಂದು ಶಾಫ್ಟ್, ಗ್ಯಾರೇಜಿನವರ ಬಾಯಲ್ಲಿ ಸೆಕ್ಟರ್ ಶಾಫ್ಟ್. ಇವೆರಡೂ ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಇರುತ್ತವೆ. ಪೆಟ್ಟಿಗೆಯಿಂದ ಹೊರಗೆ ಡ್ರಾಪ್ ಆರ್ಮ್ ಎಂಬ ತೋಳು, ಎದುರು ಬದಿಯಲ್ಲಿ ಅದಕ್ಕೆ ಜೊತೆಯಾಗಿ ಐಡ್ಲರ್, ನಡುವೆ ಅಡ್ಡ ಸರಳು, ಆಚೀಚೆ ಚಕ್ರಗಳಿಗೆ ಟೈ ರಾಡುಗಳು. ಪ್ರತಿ ಕೀಲಿನಲ್ಲೂ ಒಂದಿಷ್ಟು ಸವೆತ ಸೇರಿ ಕೊನೆಗೆ ಚಾಲಕನ ಕೈಗೆ ಬರುವಾಗ ದೊಡ್ಡ ಸಡಿಲವಾಗುತ್ತದೆ. ಇದನ್ನೇ ಗ್ಯಾರೇಜಿನಲ್ಲಿ ‘ಪ್ಲೇ’ ಎನ್ನುವುದು. ಮುಂಬಯಿಯ ಮಳೆ ಇದಕ್ಕೆ ಹೇಳಿ ಮಾಡಿಸಿದ ಶತ್ರು. ಮೊಣಕಾಲು ನೀರಿನಲ್ಲಿ ಗಾಡಿ ಓಡಿದಾಗ ಬಿರುಕು ಬಿಟ್ಟ ರಬ್ಬರಿನೊಳಗೆ ಕೆಸರು ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿಕೊಳ್ಳುತ್ತದೆ.

ಅನುಭವಿ ಮೆಕ್ಯಾನಿಕ್ ಮೊದಲು ಪೆಟ್ಟಿಗೆಗೆ ಕೈ ಹಾಕುವುದಿಲ್ಲ. ಹುಡುಗನನ್ನು ಸೀಟಿನಲ್ಲಿ ಕೂರಿಸಿ ಸ್ಟೀರಿಂಗನ್ನು ಆಚೀಚೆ ಸ್ವಲ್ಪ ಅಲ್ಲಾಡಿಸಲು ಹೇಳಿ ತಾನು ಕೆಳಗೆ ಮಲಗುತ್ತಾನೆ. ಒಂದೊಂದೇ ಕೀಲನ್ನು ಬೆರಳಿನಿಂದ ಮುಟ್ಟುತ್ತ ಹೋಗುತ್ತಾನೆ. ಸರಳು ಅಲುಗಿ ಅದರ ಆಚೆಯ ಭಾಗ ಅಲುಗದಿದ್ದರೆ ರೋಗ ಇರುವುದು ಅಲ್ಲೇ. ಆಮೇಲೆ ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್ ಪಿನ್ನಿನ ಸ್ಥಿತಿ ತಿಳಿಯುತ್ತದೆ. ಪೆಟ್ಟಿಗೆಯ ಮೇಲಿನ ಸ್ಕ್ರೂ ಬಿಗಿ ಮಾಡಿ ‘ಆಯ್ತು ಸಾಹೇಬರೇ’ ಎನ್ನುವವರ ಹತ್ತಿರ ಗಾಡಿ ಬಿಡಬೇಡಿ. ಕಾರು ನೇರ ಓಡುವುದೇ ಹೆಚ್ಚು, ಹಾಗಾಗಿ ವರ್ಮ್ ಸವೆಯುವುದು ನಟ್ಟನಡುವೆ, ಎರಡು ತುದಿಯ ಹಲ್ಲು ಹೊಸದರಂತೇ ಇರುತ್ತವೆ. ನಡುವಿನ ಸಡಿಲ ಹೋಗುವಷ್ಟು ಬಿಗಿದರೆ ಪೂರ್ತಿ ತಿರುವಿನಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ. ತಿರುವಿನಿಂದ ಹೊರಬಂದ ಕಾರು ತಾನಾಗಿ ನೇರವಾಗುವುದಿಲ್ಲ. ಘಾಟಿಯಲ್ಲಿ ಇದು ಪ್ರಾಣಕ್ಕೇ ಸಂಚಕಾರ.

ಸಾಮಾನು ಹುಡುಕುವವರು ಮೊದಲು ಹೋಗುವುದು ಒಪೆರಾ ಹೌಸ್ ಬಳಿಯ ನ್ಯೂ ಕ್ವೀನ್ಸ್ ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ. ಅಲ್ಲಿ ಹಳೇ ಸ್ಟಾಕು ಯಾವುದೋ ಅಟ್ಟದ ಮೂಲೆಯಿಂದ ಸಿಗುವ ಸಂಭವ ಉಂಟು. ಅಂಗಡಿಯವನ ಮೊದಲ ಪ್ರಶ್ನೆ ‘ಯಾವ ವರ್ಷದ್ದು?’, ಎರಡನೆಯದು ‘ಗೇರು ಸ್ಟೀರಿಂಗಿನಲ್ಲೋ ನೆಲದಲ್ಲೋ?’ ಎಂಬುದು. ಹಳೇ ಪದ್ಮಿನಿಗಳಲ್ಲಿ ಗೇರಿನ ಹಿಡಿ ಸ್ಟೀರಿಂಗ್ ಕೊಳವೆಯ ಪಕ್ಕದಲ್ಲೇ ಇತ್ತು, ಆಮೇಲಿನವುಗಳಲ್ಲಿ ನೆಲಕ್ಕೆ ಇಳಿಯಿತು. ಇವೆರಡಕ್ಕೂ ಉತ್ತರ ಗೊತ್ತಿಲ್ಲದೆ ಹೋದವರು ಬರಿಗೈಲಿ ಬರುತ್ತಾರೆ, ಇಲ್ಲವೇ ಹೊಂದದ ಸಾಮಾನು ತರುತ್ತಾರೆ. ಹಳೆಯ ಭಾಗವನ್ನೇ ಬಟ್ಟೆಯಲ್ಲಿ ಸುತ್ತಿ ಕೈಯಲ್ಲಿ ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಒಪೆರಾ ಹೌಸಿನಲ್ಲಿ ಸಿಗದಿದ್ದರೆ ಚೋರ್ ಬಜಾರ್, ದೋ ಟಾಂಕಿ ಕಡೆಯ ಗುಜರಿ. ಅಲ್ಲೂ ಇಲ್ಲವೆಂದರೆ ಕುರ್ಲಾದ ಸಿಎಸ್‌ಟಿ ರಸ್ತೆ. ಕಾರು ಹುಟ್ಟಿದ ಕುರ್ಲಾದಲ್ಲೇ ಅದರ ಎಲುಬುಗಳನ್ನು ಬಿಡಿಸಿ ಮಾರುತ್ತಾರೆ. ಬೇರಿಂಗ್, ಆಯಿಲ್ ಸೀಲ್ ಬೇಕಿದ್ದರೆ ಮಸ್ಜಿದ್ ಬಂದರ್ ಹತ್ತಿರದ ನಾಗದೇವಿ ಸ್ಟ್ರೀಟ್. ಸೀಲಿನ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಹೇಳಿದರೆ ಸಾಕು, ಕಾರಿನ ಹೆಸರು ಅಲ್ಲಿ ಯಾರೂ ಕೇಳುವುದಿಲ್ಲ.

ಹಳೇ ಸ್ಟಾಕು ಸಿಕ್ಕಿತೆಂದು ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ರಬ್ಬರ್ ಟೋಪಿ ಗಟ್ಟಿಯಾಗಿರುತ್ತದೆ, ಗ್ರೀಸು ಒಣಗಿ ಮೇಣವಾಗಿರುತ್ತದೆ. ಅವೆರಡನ್ನೂ ಬದಲಿಸಬಹುದು, ಲೋಹ ಚೆನ್ನಾಗಿದ್ದರೆ ಸಾಕು. ಲೋಹದ ಜಾತಿ ತಿಳಿಯಲು ಅದರ ಮೈಮೇಲಿನ ಗೆರೆ ನೋಡಬೇಕು. ಬಡಿದು ರೂಪಿಸಿದ, ಅಂದರೆ ಫೋರ್ಜ್ ಮಾಡಿದ ತೋಳಿನ ಅಂಚಿನ ಗೆರೆ ಅಗಲವಾಗಿರುತ್ತದೆ. ಅಚ್ಚಿಗೆ ಎರೆದದ್ದಾದರೆ ಗೆರೆ ತೆಳ್ಳಗೆ. ಸ್ಟೀರಿಂಗಿನ ತೋಳಿಗೆ ಎರಕದ ನಕಲು ಯಾವ ಬೆಲೆಗೂ ಬೇಡ, ಎರಕದ ಕಬ್ಬಿಣ ಬಗ್ಗುವುದಿಲ್ಲ, ಸೂಚನೆಯೇ ಕೊಡದೆ ತುಂಡಾಗುತ್ತದೆ.

ಇನ್ನು ಪೆಟ್ಟಿಗೆಯ ಮರುಜೋಡಣೆಗೆ ಬರೋಣ. ಡ್ರಾಪ್ ಆರ್ಮ್ ಕೂತಿರುವ ಜಾಗಕ್ಕೆ ಉಳಿಯಿಂದ ಗುರುತು ಮಾಡಿಕೊಂಡು ಪುಲ್ಲರ್ ಹಾಕಿ ಎಳೆಯುತ್ತಾರೆ. ಸುತ್ತಿಗೆಯಿಂದ ಬಡಿದರೆ ಒಳಗಿನ ವರ್ಮಿನ ಬೇರಿಂಗಿಗೆ ಪೆಟ್ಟು. ಪೆಟ್ಟಿಗೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಸೆಕ್ಟರ್ ಶಾಫ್ಟನ್ನು ಬುಷ್‌ನೊಳಗೆ ಇಟ್ಟು ಅಲ್ಲಾಡಿಸಿ ನೋಡುತ್ತಾರೆ. ಟಕ್ ಟಕ್ ಎಂದರೆ ಬುಷ್ ಹೋಗಿದೆ. ಹಾಗಾದಾಗ ಕೆಲಸ ಲೇತ್‌ನವರ ಕೈಗೆ ಹೋಗುತ್ತದೆ. ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ ಸರಳಿನಿಂದ ಹೊಸ ಬುಷ್ ಕಡೆದು, ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿ, ರೀಮರ್ ಆಡಿಸಿ ಒಳಗಿನ ಅಳತೆಗೆ ತರುತ್ತಾರೆ. ಒತ್ತಿದಾಗ ಬುಷ್ ತುಸು ಕುಗ್ಗುತ್ತದೆ, ಅದಕ್ಕೇ ರೀಮರ್ ಆಡಿಸುವುದು ಕೂರಿಸಿದ ಮೇಲೆ. ಶಾಫ್ಟೇ ಸವೆದಿದ್ದರೆ ಹಾರ್ಡ್ ಕ್ರೋಮ್ ಹಾಕಿಸಿ ಮತ್ತೆ ಗ್ರೈಂಡ್ ಮಾಡಿಸುತ್ತಾರೆ. ಕೊನೆಗೆ ವರ್ಮಿನ ಮುಚ್ಚಳದ ಕೆಳಗೆ ಕಾಗದದಷ್ಟು ತೆಳ್ಳನೆಯ ಶಿಮ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಸೇರಿಸುತ್ತ ಬೇರಿಂಗಿನ ಬಿಗಿ ಹೊಂದಿಸುತ್ತಾರೆ. ಒಂದು ಶಿಮ್ ಹೆಚ್ಚಾದರೆ ಸಡಿಲ, ಒಂದು ಕಡಿಮೆಯಾದರೆ ಬಿಗಿ. ಇಲ್ಲಿ ಯಂತ್ರಕ್ಕಿಂತ ಬೆರಳಿನ ಮೇಲಿನ ನಂಬಿಕೆಯೇ ದೊಡ್ಡದು. ಒಳ್ಳೆಯ ಕೆಲಸಗಾರ ಶಾಫ್ಟನ್ನು ಎರಡು ಬೆರಳಲ್ಲಿ ತಿರುಗಿಸಿ, ಕಣ್ಣು ಮುಚ್ಚಿ, ಆ ಎಳೆತವನ್ನು ಅಳೆಯುವುದನ್ನು ಹತ್ತಿರದಿಂದ ನೋಡಬೇಕು. ಎಷ್ಟೋ ವರ್ಷಗಳ ಲೆಕ್ಕ ಆ ಬೆರಳ ತುದಿಯಲ್ಲಿ ಇರುತ್ತದೆ.

ತೋಳುಗಳಲ್ಲಿ ಬಿರುಕು ಇದೆಯೇ ಎಂದು ನೋಡಲು ಅವರು ಮಾಡುವ ಪರೀಕ್ಷೆ ಸರಳ. ಭಾಗವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ತೆಗೆದು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಮೇಲೆ ಸೀಮೆಸುಣ್ಣದ ಪುಡಿ ಬಳಿಯುತ್ತಾರೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕಣ್ಣಿಗೆ ಕಾಣದ ಬಿರುಕಿನೊಳಗೆ ಸೇರಿದ ಎಣ್ಣೆ ಹೊರಗೆ ಒಸರಿ ಬಿಳಿಯ ಮೇಲೆ ತೆಳ್ಳನೆಯ ಕಪ್ಪು ಗೆರೆ ಎಳೆಯುತ್ತದೆ. ಗೆರೆ ಮೂಡಿದ ಭಾಗ ಗುಜರಿಗೆ. ಅದಕ್ಕೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಎಂದು ಯಾರೇ ಹೇಳಲಿ, ಒಪ್ಪಬಾರದು. ವೆಲ್ಡಿಂಗಿನ ಕಾವಿಗೆ ಫೋರ್ಜಿಂಗಿನ ಹದ ಕೆಡುತ್ತದೆ, ಹೊರಗಿನಿಂದ ಗಟ್ಟಿ ಕಂಡರೂ ಪಕ್ಕದಲ್ಲೇ ಮುರಿಯುತ್ತದೆ. ಬುಷ್, ಸೀಲ್, ಬೇರಿಂಗ್, ಕ್ರೋಮ್ ಇವಿಷ್ಟೂ ರಿಪೇರಿ. ತೋಳಿನ ವೆಲ್ಡಿಂಗ್ ಮಾತ್ರ ಜೂಜು.

ಇತರ ಹಳೇ ಕಾರುಗಳ ದಾರಿ ಬೇರೆ ಬೇರೆ. ಅಂಬಾಸಿಡರಿನದು ರ‍್ಯಾಕ್ ಮತ್ತು ಪಿನಿಯನ್, ಅದರಲ್ಲಿ ಇಂಥ ಪೆಟ್ಟಿಗೆಯೇ ಇಲ್ಲ. ಯುದ್ಧಕ್ಕೆ ಮುಂಚಿನ ಅಮೆರಿಕನ್ ಗಾಡಿಗಳಿಗಾದರೆ ವಿದೇಶದಿಂದ ತರಿಸಬೇಕು, ಇಲ್ಲವೇ ಹಳೆಯದನ್ನು ಅಳೆದು ಹೊಸದನ್ನೇ ಕಡೆಸಬೇಕು. ಮುಂಬಯಿಯ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಸದಸ್ಯರು ಒಬ್ಬರಿಗೊಬ್ಬರು ಬಿಡಿಭಾಗದ ಸುಳಿವು ಕೊಡುತ್ತಾರೆ. ಯಾವ ಓಣಿಯಲ್ಲಿ ಯಾವ ಉಸ್ತಾದ್ ಎಂಬುದು ಇಂಥ ಬಳಗದಲ್ಲೇ ಬಾಯಿಂದ ಬಾಯಿಗೆ ಉಳಿದಿದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇದ್ದೇ ಇವೆ. ಫಿಯೆಟ್ಟಿನ ಪೆಟ್ಟಿಗೆಯ ಮಟ್ಟಿಗೆ ಮಾತ್ರ ಮುಂಬಯಿಯ ಕೈಗಳನ್ನೇ ನಾನು ನಂಬುತ್ತೇನೆ. ಅಷ್ಟು ಪದ್ಮಿನಿಗಳು ಬೇರೆಲ್ಲೂ ಅಷ್ಟು ಓಡಿಲ್ಲ.

ಕಾನೂನು ಒಂದು ಕಡೆಯಿಂದ ನೆರವಿಗೆ ಬಂದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಇರಕೂಡದು. ಮೊದಲ ಪದ್ಮಿನಿಗಳಿಗೆ ಈಗ ಆ ವಯಸ್ಸು. ಹೀಗಿರುವಾಗ ಬೇರೆ ಕಾರಿನ ಪವರ್ ಸ್ಟೀರಿಂಗ್ ಕತ್ತರಿಸಿ ತಂದು ಕೂರಿಸುವ ಹುಚ್ಚಿಗಿಂತ ತನ್ನದೇ ಪೆಟ್ಟಿಗೆಯನ್ನು ಸರಿಮಾಡಿಸಿಕೊಳ್ಳುವುದೇ ಲೇಸು.

ಗ್ಯಾರೇಜಿಗೆ ಹೋಗುವವರಿಗೆ ಒಂದೆರಡು ಮಾತು. ಬಿಚ್ಚಿದ ಹಳೆಯ ಪೆಟ್ಟಿಗೆ, ಶಾಫ್ಟು, ತೋಳು, ನಟ್ಟು ಯಾವುದನ್ನೂ ಅಲ್ಲೇ ಬಿಟ್ಟು ಬರಬೇಡಿ. ಇನ್ನೊಂದು ಪೆಟ್ಟಿಗೆಗೆ ಕೈ ಹಾಕುವಾಗ ಅಳತೆಗೆ ಅದೇ ಬೇಕು. ಟೈ ರಾಡಿನ ಒಂದು ತುದಿಗೆ ಎಡಮರೆ (ಎಡಕ್ಕೆ ಸುತ್ತುವ ತಿರುಪು), ಇನ್ನೊಂದಕ್ಕೆ ಬಲಮರೆ ಇರುತ್ತದೆ. ಬಿಚ್ಚುವಾಗ ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಲು ಹೇಳಿ. ನಟ್ಟಿನ ಸ್ಪ್ಲಿಟ್ ಪಿನ್ ಹೊಸದೇ ಆಗಿರಲಿ, ಹಳೆಯದನ್ನು ಮತ್ತೆ ನೆಟ್ಟಗೆ ಮಾಡಿ ಹಾಕಿದ್ದನ್ನು ಕಂಡರೆ ತೆಗೆಸಿಬಿಡಿ. ಪೆಟ್ಟಿಗೆಗೆ 90 ನಂಬರಿನ ಗೇರ್ ಎಣ್ಣೆಯನ್ನೇ ಹಾಕಿಸಿ. ಗ್ರೀಸ್ ತುಂಬಿದರೆ ಸೋರುವುದು ನಿಲ್ಲುತ್ತದೆ ನಿಜ, ಆದರೆ ಹಲ್ಲು ಒಮ್ಮೆ ಉಜ್ಜಿ ಬದಿಗೆ ತಳ್ಳಿದ ಗ್ರೀಸು ಮತ್ತೆ ಅಲ್ಲಿಗೆ ಹರಿದು ಬರುವುದಿಲ್ಲ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಒಂದು ವಾರ ಓಡಿಸಿ ಮತ್ತೆ ಅದೇ ಉಸ್ತಾದನಿಗೆ ತೋರಿಸಿ. ಹೊಸ ಬುಷ್ ಕೂತುಕೊಳ್ಳಲು ಅಷ್ಟು ಸಮಯ ಬೇಕು, ಆಮೇಲೆ ಪೆಟ್ಟಿಗೆಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಬೇಕೋ ಬೇಡವೋ ಎಂದು ಅವನೇ ಹೇಳುತ್ತಾನೆ.