ಫ್ಲ್ಯಾಟಿಗೆ ಬಂದ ಬೆಕ್ಕು ಮನೆಯ ಬೆಕ್ಕಾಗುವ ಬಗೆ

ಹಳ್ಳಿಯ ಮನೆಗಳಲ್ಲಿ ಬೆಕ್ಕನ್ನು ಹುಡುಕಿ ತರುವ ಪ್ರಮೇಯ ಹೆಚ್ಚಾಗಿ ಬರುತ್ತಿರಲಿಲ್ಲ. ಇಲಿಗಳಿರುವ ಅಟ್ಟವನ್ನೂ ಬೆಚ್ಚಗಿನ ಒಲೆಯ ಮಗ್ಗುಲನ್ನೂ ಅದೇ ಹುಡುಕಿಕೊಂಡು ಬರುತ್ತಿತ್ತು, ಮರಿ ಹಾಕಿದ ಮೇಲೆ ಏಳು ಮನೆ ತಿರುಗಿಸುತ್ತದೆಂಬ ಮಾತಿಗೆ ತಕ್ಕಂತೆ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತ ತನಗೆ ಹಿಡಿಸಿದ ಕಡೆ ನೆಲೆ ನಿಲ್ಲುತ್ತಿತ್ತು. ನಗರದ ಅಪಾರ್ಟ್‌ಮೆಂಟಿಗೆ ದತ್ತು ಬರುವ ಬೆಕ್ಕಿಗೆ ಈ ಸ್ವಾತಂತ್ರ್ಯವಿಲ್ಲ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಯಿಂದಲೋ, ಬೀದಿಯ ಮರಿಗಳನ್ನು ಕೆಲಕಾಲ ಸಾಕಿ ದತ್ತು ಕೊಡುವವರ ಮನೆಯಿಂದಲೋ ಅದನ್ನು ಪೆಟ್ಟಿಗೆಯಲ್ಲಿಟ್ಟು ಆಟೋದಲ್ಲಿ ತಂದು, ಲಿಫ್ಟ್ ಹತ್ತಿಸಿ, ನಾಲ್ಕು ಜನ ಸುತ್ತ ನಿಂತು ನೋಡುತ್ತಿರುವ ಹಾಲ್‌ನ ನಡುವೆ ಬಿಡಲಾಗುತ್ತದೆ. ಮುಂದಿನ ಕೆಲವು ದಿನ ಅದು ಮಂಚದ ಕೆಳಗಿನಿಂದ ಹೊರಬರದಿದ್ದರೆ, ತಟ್ಟೆಯನ್ನು ಮೂಸಿಯೂ ನೋಡದಿದ್ದರೆ, ರಾತ್ರಿಯಿಡೀ ಕೂಗಿದರೆ ಅದರ ಸ್ವಭಾವವೇ ಸರಿಯಿಲ್ಲವೆಂದು ಮನೆಯವರು ತೀರ್ಮಾನಿಸುವುದುಂಟು. ಆದರೆ ಈ ಮೂರಕ್ಕೂ ಸಾಮಾನ್ಯವಾಗಿ ಇರುವ ಕಾರಣ ಒಂದೇ: ಜಾಗವನ್ನು ತಾನೇ ಪರೀಕ್ಷಿಸಿ ಆರಿಸಿಕೊಳ್ಳುವ ಪ್ರಾಣಿಗೆ ಆ ಅವಕಾಶವೇ ಸಿಕ್ಕಿಲ್ಲ. ಹೊಸ ಬೆಕ್ಕನ್ನು ಒಗ್ಗಿಸಿಕೊಳ್ಳಲು ಪಶುವೈದ್ಯರೂ ಪ್ರಾಣಿವರ್ತನೆಯ ತಜ್ಞರೂ ಹೇಳುವ ಕ್ರಮಗಳೆಲ್ಲ ಆ ಅವಕಾಶವನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ಮರಳಿಸುವ ಉಪಾಯಗಳೇ ಆಗಿವೆ.

ಮೂಗು, ಕಿವಿ ಮತ್ತು ಸರಹದ್ದು

ಸಾಕುಬೆಕ್ಕಿನ ಮೂಲಪುರುಷ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಫೆಲಿಸ್ ಲಿಬಿಕಾ ಎಂಬ ಕಾಡುಬೆಕ್ಕೆಂದು 2007ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ತೋರಿಸಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲಿ ಹೂಳಲಾದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿರುವುದರಿಂದ ಈ ಒಡನಾಟ ಕೃಷಿಯ ಆರಂಭಕಾಲದಷ್ಟು ಹಳೆಯದೆಂದು ತಿಳಿಯುತ್ತದೆ. ಇಷ್ಟು ದೀರ್ಘಕಾಲ ಮನುಷ್ಯರ ನಡುವೆ ಬಾಳಿದರೂ ಬೆಕ್ಕು ಒಂಟಿಯಾಗಿ ಬೇಟೆಯಾಡುವ ತನ್ನ ಪೂರ್ವಜರ ರೀತಿಯನ್ನು ಬಿಟ್ಟುಕೊಟ್ಟಿಲ್ಲ. ಒಂಟಿ ಬೇಟೆಗಾರನಿಗೆ ಗಾಯವಾದರೆ ತಂದು ಉಣಿಸುವ ಗುಂಪಿರುವುದಿಲ್ಲವಾದ್ದರಿಂದ, ಯಾವ ಮೂಲೆಯಲ್ಲಿ ಏನಿದೆ, ಅಪಾಯ ಬಂದರೆ ಯಾವ ದಾರಿಯಿಂದ ಪಾರಾಗಬಹುದು ಎಂಬುದು ಮೊದಲೇ ಗೊತ್ತಿರುವ ಜಾಗವೇ, ಅಂದರೆ ಸರಹದ್ದೇ, ಅದರ ನೆಮ್ಮದಿಗೆ ಆಧಾರವಾಗಿರುತ್ತದೆ.

ಈ ಸರಹದ್ದನ್ನು ಬೆಕ್ಕು ಗುರುತಿಸಿಕೊಳ್ಳುವುದು ಮುಖ್ಯವಾಗಿ ವಾಸನೆಯಿಂದ. ಕೆನ್ನೆ, ಗದ್ದ ಮತ್ತು ಅಂಗಾಲುಗಳಲ್ಲಿರುವ ಗ್ರಂಥಿಗಳು ಫೆರೊಮೋನ್‌ಗಳನ್ನು, ಎಂದರೆ ಒಂದೇ ಜಾತಿಯ ಪ್ರಾಣಿಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕಗಳನ್ನು, ಸ್ರವಿಸುತ್ತವೆ. ಬೆಕ್ಕು ಬಾಗಿಲ ಚೌಕಟ್ಟಿಗೋ ಕುರ್ಚಿಯ ಕಾಲಿಗೋ ಕೆನ್ನೆ ಉಜ್ಜಿದಾಗ ಆ ವಸ್ತು ಪರಿಚಿತವೆಂಬ ಗುರುತನ್ನು ಅಲ್ಲಿ ಬಿಟ್ಟಿರುತ್ತದೆ. ಹೊಸ ಫ್ಲ್ಯಾಟಿನಲ್ಲಿ ಇಂಥ ಗುರುತು ಒಂದೂ ಇರುವುದಿಲ್ಲ. ಅದರ ಬದಲು ಫಿನೈಲ್, ಹೊಸ ಬಣ್ಣ, ಊದುಬತ್ತಿ ಮತ್ತು ಒಗ್ಗರಣೆಯ ವಾಸನೆಗಳು ತುಂಬಿರುತ್ತವೆ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸಿದರೆ ಬೆಕ್ಕಿನ ಕಿವಿ 80 ಕಿಲೋಹರ್ಟ್ಸ್‌ಗೂ ಮೇಲಿನ ಧ್ವನಿಯನ್ನು ಗ್ರಹಿಸುವುದರಿಂದ, ಮನೆಯವರಿಗೆ ಅಭ್ಯಾಸವಾಗಿ ಹೋಗಿರುವ ಮಿಕ್ಸಿ, ಕುಕ್ಕರ್‌ನ ಸೀಟಿ, ಕಾಲಿಂಗ್ ಬೆಲ್ ಮತ್ತು ಮೇಲಿನ ಮನೆಯ ಡ್ರಿಲ್ಲಿಂಗ್ ಸದ್ದುಗಳ ಜೊತೆಗೆ ಅವರಿಗೆ ಕೇಳಿಸದ ಸದ್ದುಗಳೂ ಅದರ ಮೇಲೆ ಒಮ್ಮೆಲೇ ಬಂದೆರಗುತ್ತವೆ.

ಮೊದಲು ಒಂದೇ ಕೋಣೆ

ಇದಕ್ಕೆ ಪರಿಹಾರ ಇಡೀ ಮನೆಯನ್ನು ಒಟ್ಟಿಗೆ ಕೊಡದೆ ಮೊದಲು ಒಂದೇ ಕೋಣೆಯನ್ನು ಕೊಡುವುದು. ಜನರ ಓಡಾಟ ಕಡಿಮೆಯಿರುವ ಮಲಗುವ ಕೋಣೆ ಇದಕ್ಕೆ ಸೂಕ್ತ. ವಾಷಿಂಗ್ ಮಷಿನ್ ಇರುವ ಯುಟಿಲಿಟಿ ಸೂಕ್ತವಲ್ಲ, ಏಕೆಂದರೆ ಬಟ್ಟೆ ಹಿಂಡುವ ಹೊತ್ತಿಗೆ ಯಂತ್ರ ಎಬ್ಬಿಸುವ ಗದ್ದಲ ಒಂದೇ ಸಲಕ್ಕೆ ಆ ಜಾಗದ ಮೇಲಿನ ವಿಶ್ವಾಸವನ್ನು ಕೆಡಿಸಬಲ್ಲದು. ಬೆಕ್ಕನ್ನು ತಂದ ಪೆಟ್ಟಿಗೆಯ ಬಾಗಿಲನ್ನು ಕೋಣೆಯೊಳಗೆ ತೆರೆದಿಟ್ಟು, ಅದನ್ನು ಎಳೆದು ಹೊರಗೆ ತೆಗೆಯದೆ ಬಿಡಬೇಕು. ಸ್ವಲ್ಪ ಹೊತ್ತಿನ ಮೇಲೆ ಬೆಕ್ಕು ಮೊದಲು ಮೂತಿಯನ್ನಷ್ಟೇ ಹೊರಚಾಚಿ ಗಾಳಿಯನ್ನು ಮೂಸುತ್ತದೆ, ಬಳಿಕ ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ ಗೋಡೆಯ ಅಂಚು ಹಿಡಿದು ನಡೆಯುತ್ತದೆ, ನಾಲ್ಕು ಹೆಜ್ಜೆ ಹೋಗಿ ಪೆಟ್ಟಿಗೆಗೆ ಓಡಿಬಂದು ಮತ್ತೆ ಹೊರಡುತ್ತದೆ. ಪ್ರತಿ ಸಲವೂ ಸುತ್ತು ಸ್ವಲ್ಪ ದೊಡ್ಡದಾಗುತ್ತ ಹೋಗುತ್ತದೆ. ಹಳೆಯ ಜಾಗದಲ್ಲಿ ಅದು ಮಲಗುತ್ತಿದ್ದ ಬಟ್ಟೆಯ ತುಂಡನ್ನು ಒಗೆಯದೆ ತಂದು ಹಾಸಿದರೆ ಪರಿಚಿತ ವಾಸನೆ ಒಂದಾದರೂ ಅದಕ್ಕೆ ದೊರೆತಂತಾಗುತ್ತದೆ.

ಅಡಗಲು ಜಾಗವಿರುವುದು ಇಲ್ಲಿ ಅತ್ಯಂತ ಮುಖ್ಯ. ನೆದರ್‌ಲೆಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗುವ ಪೆಟ್ಟಿಗೆಯನ್ನು ಕೊಟ್ಟು, ಉಳಿದವಕ್ಕೆ ಕೊಡದೆ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೆಟ್ಟಿಗೆ ಪಡೆದ ಬೆಕ್ಕುಗಳು ಉಳಿದವಕ್ಕಿಂತ ಬೇಗನೆ ಒತ್ತಡದಿಂದ ಚೇತರಿಸಿಕೊಂಡದ್ದು ಕಂಡುಬಂದಿತು. ಅಡಗಿ ಕೂತ ಬೆಕ್ಕು ಮನೆಗೆ ಒಗ್ಗುವ ಕೆಲಸವನ್ನು ಆಗಲೇ ಶುರುಮಾಡಿರುತ್ತದೆ. ಅಲ್ಲಿಂದಲೇ ಅದು ಮನೆಯ ಸದ್ದುಗಳ ವೇಳಾಪಟ್ಟಿಯನ್ನು ಕಲಿಯುತ್ತಿರುತ್ತದೆ. ಕಿರಾಣಿ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗೆ ಎರಡು ಕಡೆ ತೂತು ಕೊರೆದು ಮಗ್ಗುಲಾಗಿ ಇಟ್ಟರೆ ಸಾಕು, ದುಬಾರಿ ಗೂಡು ಬೇಕಾಗುವುದಿಲ್ಲ. ಕಪಾಟಿನ ಮೇಲ್ಭಾಗದಂಥ ಎತ್ತರದ ಜಾಗವೊಂದು ಏರಲು ಸಿಗುವಂತಿದ್ದರೆ ಇನ್ನೂ ಒಳ್ಳೆಯದು.

ಲಿಟರ್ ಟ್ರೇ, ಅಂದರೆ ಮಲಮೂತ್ರ ವಿಸರ್ಜನೆಗೆ ಮರಳು ಅಥವಾ ಜೇಡಿಮಣ್ಣಿನ ಹರಳು ತುಂಬಿಟ್ಟ ತಟ್ಟೆ, ಊಟ ಮತ್ತು ನೀರಿನ ಬಟ್ಟಲುಗಳಿಂದ ದೂರದಲ್ಲಿ, ಕೋಣೆಯ ಎದುರು ಮೂಲೆಯಲ್ಲಿರಬೇಕು. ಉಣ್ಣುವ ಜಾಗವನ್ನು ಬೆಕ್ಕು ಹೊಲಸು ಮಾಡಲು ಇಷ್ಟಪಡುವುದಿಲ್ಲ. ಟ್ರೇ ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಇರಬೇಕು, ಹರಳಿಗೆ ಸುಗಂಧ ಬೆರೆತಿರಬಾರದು, ಬೀದಿಯಲ್ಲಿ ಬೆಳೆದ ಬೆಕ್ಕಾದರೆ ಆರಂಭದಲ್ಲಿ ಸ್ವಲ್ಪ ಮರಳನ್ನೋ ಮಣ್ಣನ್ನೋ ಬೆರೆಸುವುದು ಅನುಕೂಲ. ಒಂದಕ್ಕಿಂತ ಹೆಚ್ಚು ಬೆಕ್ಕುಗಳಿದ್ದಲ್ಲಿ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ ಇಡಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಗರ್ಭಿಣಿಯರಿರುವ ಮನೆಗಳಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಭಯದಿಂದ ಬೆಕ್ಕನ್ನೇ ದೂರ ಮಾಡುವುದುಂಟು. ಆದರೆ ಮಲದಲ್ಲಿ ಹೊರಬಿದ್ದ ಈ ಜೀವಿಯ ಅಂಡಕಗಳಿಗೆ ಸೋಂಕು ತಗುಲಿಸುವ ಶಕ್ತಿ ಬರಲು 1ರಿಂದ 5 ದಿನ ಹಿಡಿಯುವುದರಿಂದ, ಮನೆಯ ಬೇರೊಬ್ಬರು ಟ್ರೇಯನ್ನು ಪ್ರತಿದಿನ ತಪ್ಪದೆ ಶುಚಿಗೊಳಿಸಿದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಮೊಸರನ್ನದ ಪ್ರಶ್ನೆ

ಮೊದಲ ವಾರ ಬೆಕ್ಕಿಗೆ ಹಳೆಯ ಜಾಗದಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೊಟ್ಟು, ಬದಲಿಸುವುದಿದ್ದರೆ ಅನಂತರ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋಗುವುದು ಸರಿಯಾದ ಕ್ರಮ. ಬಂದ ದಿನ ಊಟ ಮುಟ್ಟದಿರುವುದು ಸಾಮಾನ್ಯ; ಆದರೆ ಪೂರ್ತಿ ಒಂದು ದಿನ ಕಳೆದರೂ ಏನನ್ನೂ ತಿನ್ನದಿದ್ದರೆ ಪಶುವೈದ್ಯರನ್ನು ವಿಚಾರಿಸಬೇಕು. ಉಪವಾಸ ಬಿದ್ದ ಬೆಕ್ಕಿನ ದೇಹದ ಕೊಬ್ಬು ಒಮ್ಮೆಲೇ ಯಕೃತ್ತಿಗೆ ನುಗ್ಗಿ ಅಲ್ಲಿ ಶೇಖರಗೊಂಡು ಪ್ರಾಣಕ್ಕೆ ಎರವಾಗಬಹುದು. ಮೈತುಂಬಿಕೊಂಡ ಬೆಕ್ಕುಗಳಲ್ಲಿ ಈ ಅಪಾಯ ಹೆಚ್ಚು.

ಸಸ್ಯಾಹಾರಿ ಮನೆಗಳು ಬೆಕ್ಕನ್ನು ತರುವ ಮೊದಲೇ ನಿರ್ಧರಿಸಬೇಕಾದ ಸಂಗತಿಯೊಂದಿದೆ. ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ಟಾರೀನ್ ಎಂಬ ಪೋಷಕಾಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಸಹಜವಾಗಿ ದೊರೆಯುವುದು ಮಾಂಸ ಮೀನುಗಳಲ್ಲಿ. ಟಾರೀನ್ ಕೊರತೆಯಿಂದ ಬೆಕ್ಕಿನ ಹೃದಯದ ಸ್ನಾಯು ದುರ್ಬಲಗೊಂಡು ಹಿಗ್ಗುತ್ತದೆಂಬುದನ್ನು ಅಮೆರಿಕದ ವಿಜ್ಞಾನಿಗಳು 1987ರಲ್ಲಿ ತೋರಿಸಿದರು. ಕಣ್ಣಿನ ಅಕ್ಷಿಪಟಲವೂ ಇದರಿಂದ ಕೆಡುತ್ತದೆ. ಹಿಂದೆ ಮೊಸರನ್ನ ತಿಂದೇ ಬೆಕ್ಕುಗಳು ಬದುಕಿರಲಿಲ್ಲವೇ ಎಂಬ ಪ್ರಶ್ನೆ ಸಹಜವಾದರೂ, ಆ ಬೆಕ್ಕುಗಳು ಮನೆಯಲ್ಲಿ ಮೊಸರನ್ನ ತಿಂದು ಹಿತ್ತಿಲಲ್ಲಿ ಇಲಿ, ಹಲ್ಲಿ, ಹಕ್ಕಿಗಳನ್ನು ಹಿಡಿಯುತ್ತಿದ್ದವೆಂಬುದನ್ನು ಮರೆಯಬಾರದು. ಎಂಟನೆಯ ಮಹಡಿಯ ಬೆಕ್ಕಿಗೆ ಹಿತ್ತಿಲೆಂಬುದೇ ಇಲ್ಲ. ಹಾಲು ಕೂಡ ಗಾದೆಗಳಲ್ಲಿರುವಷ್ಟು ಹಿತವಲ್ಲ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ.

ಎತ್ತರದ ಮನೆಯ ಅಪಾಯಗಳು

ಬೆಕ್ಕು ಎಲ್ಲಿಂದ ಬಿದ್ದರೂ ಕಾಲಮೇಲೆಯೇ ನಿಲ್ಲುತ್ತದೆಂಬ ನಂಬಿಕೆ ಅಪಾರ್ಟ್‌ಮೆಂಟಿನ ಮಟ್ಟಿಗೆ ಅಪಾಯಕಾರಿ. ನ್ಯೂಯಾರ್ಕಿನ ಪಶು ಆಸ್ಪತ್ರೆಯೊಂದಕ್ಕೆ ಹೀಗೆ ಬಿದ್ದು ಬಂದ 132 ಬೆಕ್ಕುಗಳ ಕುರಿತು 1987ರಲ್ಲಿ ಪ್ರಕಟವಾದ ವರದಿಯಲ್ಲಿ ಚಿಕಿತ್ಸೆ ಪಡೆದವುಗಳಲ್ಲಿ ಸುಮಾರು ಶೇ. 90ರಷ್ಟು ಬದುಕುಳಿದವೆಂದಿದ್ದರೂ, ಸ್ಥಳದಲ್ಲೇ ಸತ್ತು ಆಸ್ಪತ್ರೆ ತಲುಪದ ಬೆಕ್ಕುಗಳು ಆ ಲೆಕ್ಕದಲ್ಲಿ ಸೇರಿಲ್ಲ. ಬದುಕಿದವುಗಳಲ್ಲಿಯೂ ಎದೆಗೂಡಿನ ಪೆಟ್ಟು, ದವಡೆ ಮತ್ತು ಕಾಲುಗಳ ಮುರಿತ ಸಾಮಾನ್ಯವಾಗಿದ್ದವು. ಆದ್ದರಿಂದ ಬಾಲ್ಕನಿ ಮತ್ತು ಕಿಟಕಿಗಳಿಗೆ ಬಲೆ ಹಾಕಿಸುವ ಕೆಲಸ ಬೆಕ್ಕು ಬರುವ ಮೊದಲೇ ಮುಗಿಯಬೇಕು. ಪಾರಿವಾಳ ತಡೆಯಲು ಹಾಕುವ ನೈಲಾನ್ ಬಲೆಯನ್ನು ಬೆಕ್ಕು ಹಲ್ಲಿನಿಂದ ಕಡಿಯಬಲ್ಲದಾದ್ದರಿಂದ ಕೈಗೆಟುಕುವ ಎತ್ತರದವರೆಗಾದರೂ ತಂತಿಯ ಬಲೆ ಲೇಸು. ಸ್ನಾನದ ಮನೆಯ ಗಾಜಿನ ಪಟ್ಟಿಗಳ ಕಿಂಡಿ ಹಲವರ ಗಮನಕ್ಕೆ ಬರುವುದಿಲ್ಲ. ಅದರ ಆಚೆಗಿರುವ, ನೀರಿನ ಪೈಪುಗಳು ಇಳಿದುಹೋಗುವ ಡಕ್ಟ್‌ಗೆ ಬಿದ್ದ ಬೆಕ್ಕನ್ನು ಹೊರತೆಗೆಯುವುದು ಬಹಳ ಕಷ್ಟ.

ಮನೆಯೊಳಗಿನ ವಿಷಗಳ ಕಡೆಗೂ ಗಮನ ಬೇಕು. ಕೆಲವು ರಾಸಾಯನಿಕಗಳನ್ನು ನಿರ್ವಿಷಗೊಳಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ, ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದು ಮಾತ್ರೆಯೇ ಅದನ್ನು ಕೊಲ್ಲಬಹುದು. ಫಿನೈಲ್‌ನಿಂದ ನೆಲ ಒರೆಸಿದರೆ ಅದು ಅಂಗಾಲಿಗೆ ಅಂಟಿ, ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಹೊಟ್ಟೆ ಸೇರುತ್ತದೆ. ನಾಯಿಗಳ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧಿ ಮತ್ತು ಹೂಗುಚ್ಛಗಳಲ್ಲಿ ಬರುವ ಲಿಲ್ಲಿ ಹೂವು, ಅದರ ಪರಾಗ ಕೂಡ, ಬೆಕ್ಕಿಗೆ ಮಾರಕ.

ಮನುಷ್ಯರ ಪರಿಚಯ, ಇನ್ನೊಂದು ಬೆಕ್ಕಿನ ಪರಿಚಯ

ಬೆಕ್ಕಿಗೆ ಜಾಗದ ಮೇಲಷ್ಟೇ ಮಮತೆ, ಮನುಷ್ಯರ ಮೇಲಿಲ್ಲ ಎಂಬ ಮಾತನ್ನು ಈಚಿನ ಅಧ್ಯಯನಗಳು ಒಪ್ಪುವುದಿಲ್ಲ. ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಬೆಕ್ಕಿನ ಮರಿಗಳು ಸಾಕಿದವರನ್ನು ಭದ್ರತೆಯ ನೆಲೆಯಾಗಿ ಕಂಡವು. ಆದರೆ ಈ ನಂಟು ಬೆಕ್ಕಿನ ಹೆಜ್ಜೆಯಲ್ಲಿಯೇ ಬೆಳೆಯಬೇಕು. ಮರಿಗಳು ಮನುಷ್ಯರನ್ನು ಸಲೀಸಾಗಿ ಒಪ್ಪಿಕೊಳ್ಳಲು ಕಲಿಯುವ ಕಾಲ ಹುಟ್ಟಿದ 2ನೇ ವಾರದಿಂದ 7ನೇ ವಾರದವರೆಗೆ ಮಾತ್ರ. ಆ ಅವಧಿಯಲ್ಲಿ ಮನುಷ್ಯರ ಕೈ ಸೋಕದ ಬೆಕ್ಕು ಒಗ್ಗಲು ವಾರಗಳ ಬದಲು ತಿಂಗಳುಗಳೇ ಹಿಡಿಯಬಹುದು. ಮನೆಯವರೊಬ್ಬರು ಆ ಕೋಣೆಯಲ್ಲಿ ನೆಲದ ಮೇಲೆ ಕೂತು ಏನಾದರೂ ಓದುತ್ತಿದ್ದು, ಬೆಕ್ಕು ನೋಡಿದಾಗ ದಿಟ್ಟಿಸದೆ ಕಣ್ಣುಗಳನ್ನು ನಿಧಾನವಾಗಿ ಅರೆಮುಚ್ಚಿ ತೆರೆದರೆ ಅದೂ ಹಾಗೆಯೇ ಪ್ರತಿಕ್ರಿಯಿಸುವ ಸಂಭವ ಹೆಚ್ಚೆಂದೂ, ಹಾಗೆ ಮಾಡಿದ ಅಪರಿಚಿತರ ಬಳಿಗೂ ಬೆಕ್ಕುಗಳು ಸುಲಭವಾಗಿ ಬರುತ್ತವೆಂದೂ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸುತ್ತದೆ. ಊಟದ ವೇಳೆ ಖಚಿತವಾಗಿದ್ದು, ಅದಕ್ಕೆ ಮೊದಲು ಹತ್ತು ನಿಮಿಷ ಕೋಲಿಗೆ ಕಟ್ಟಿದ ದಾರವನ್ನು ಓಡಿಸಿ ಆಡಿಸಿದರೆ ಬೇಟೆಯ ಸಹಜ ಕ್ರಮ ಪೂರ್ತಿಯಾಗಿ ರಾತ್ರಿಯ ಕೂಗಾಟವೂ ತಗ್ಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಅದು ನುಂಗದಂತೆ ಎತ್ತಿಡಬೇಕಷ್ಟೆ. ಸೋಫಾ ಪರಚುವುದನ್ನು ಗದರಿ ನಿಲ್ಲಿಸಲಾಗದು. ಗಟ್ಟಿಯಾಗಿ ನಿಲ್ಲುವ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನೋ ಗೋಣಿಯನ್ನೋ ಸುತ್ತಿ ಸೋಫಾದ ಪಕ್ಕದಲ್ಲೇ ಇಟ್ಟರೆ ಉಗುರು ಕೆರೆಯುವ ಅದರ ಅಗತ್ಯಕ್ಕೆ ಬೇರೆ ಜಾಗ ಸಿಗುತ್ತದೆ.

ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಎರಡನ್ನೂ ಎದುರುಬದುರು ಬಿಡುವ ಆತುರ ಬೇಡ. ಹೊಸ ಬೆಕ್ಕು ಪ್ಯಾನ್‌ಲ್ಯುಕೋಪೀನಿಯದಂಥ ಸಾಂಕ್ರಾಮಿಕ ರೋಗವನ್ನು ಹೊತ್ತು ತಂದಿರಬಹುದಾದ್ದರಿಂದ ವೈದ್ಯರ ತಪಾಸಣೆ, ಲಸಿಕೆ, ಜಂತುಹುಳುವಿನ ಔಷಧಿ ಮುಗಿಯುವವರೆಗೆ, ಸಾಮಾನ್ಯವಾಗಿ ಎರಡು ವಾರ, ಅದು ಬೇರೆ ಕೋಣೆಯಲ್ಲಿರಬೇಕು. ಈ ಅವಧಿಯಲ್ಲಿ ಹಾಸುಬಟ್ಟೆಗಳನ್ನು ಅದಲುಬದಲು ಮಾಡುವುದಕ್ಕೆ ವೈದ್ಯರ ಒಪ್ಪಿಗೆ ಸಿಕ್ಕ ಮೇಲೆ ಮೊದಲು ವಾಸನೆಯ ಪರಿಚಯ, ಬಳಿಕ ಮುಚ್ಚಿದ ಬಾಗಿಲಿನ ಎರಡೂ ಬದಿಯಲ್ಲಿ ಊಟವಿಟ್ಟು ವಾಸನೆಗೂ ಊಟಕ್ಕೂ ಸಂಬಂಧ ಕಲ್ಪಿಸುವುದು, ಆಮೇಲೆ ಕಿರಿದಾದ ಕಿಂಡಿಯಿಂದ ನೋಟ, ಕೊನೆಗೆ ಕಣ್ಗಾವಲಿನಲ್ಲಿ ಭೇಟಿ, ಹೀಗೆ ಸಾಗಬೇಕು. ಯಾವ ಹಂತದಲ್ಲಿ ಗುರ್‌ ಎಂದರೂ ಒಂದು ಹಂತ ಹಿಂದಕ್ಕೆ ಹೋಗಿ ಅಲ್ಲಿಂದ ಮತ್ತೆ ಶುರುಮಾಡುವುದೇ ಹತ್ತಿರದ ದಾರಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿದ್ದರೆ, ವಿಶೇಷವಾಗಿ ಗಂಡು ಬೆಕ್ಕುಗಳಲ್ಲಿ, ಮೂತ್ರ ಸಿಂಪಡಿಸುವುದೂ ಜಗಳವೂ ಮುಂದುವರಿಯುವ ಸಾಧ್ಯತೆ ಹೆಚ್ಚು.

ಕೋಣೆಯ ಬಾಗಿಲನ್ನು ಯಾವಾಗ ತೆರೆಯಬೇಕೆಂಬುದಕ್ಕೆ ಕ್ಯಾಲೆಂಡರಿಗಿಂತ ಬೆಕ್ಕಿನ ವರ್ತನೆಯೇ ನಂಬಲರ್ಹ. ಹೊತ್ತಿಗೆ ಸರಿಯಾಗಿ ತಿನ್ನುವುದು, ಟ್ರೇಯನ್ನು ಬಳಸುವುದು, ಬಾಲ ಎತ್ತಿ ನಡೆಯುವುದು, ಕೋಣೆಯ ವಸ್ತುಗಳಿಗೆ ಕೆನ್ನೆ ಉಜ್ಜುವುದು ಕಂಡುಬಂದರೆ ಆ ಕೋಣೆ ಅದರದಾಗಿದೆ. ಇನ್ನು ಹಾಲ್, ಆಮೇಲೆ ಅಡುಗೆಮನೆ ಎಂದು ಸರಹದ್ದನ್ನು ವಿಸ್ತರಿಸಬಹುದು, ಹೆದರಿದಾಗ ಓಡಿಬರಲು ಮೊದಲ ಕೋಣೆ ತೆರೆದಿದ್ದರೆ ಸಾಕು. ಕೆಲವು ಬೆಕ್ಕುಗಳಿಗೆ ಇದೆಲ್ಲ ಮೂರು ದಿನದ ಕೆಲಸ, ಕೆಲವಕ್ಕೆ ಮೂರು ತಿಂಗಳಿನದು. ಬೆಕ್ಕು ಟ್ರೇಯಲ್ಲಿ ಮತ್ತೆಮತ್ತೆ ಕೂತು ತಿಣುಕಿದರೂ ಮೂತ್ರ ಬಾರದಿರುವುದೊಂದು ಮಾತ್ರ ಕಾಯಬಾರದ ಲಕ್ಷಣ. ಗಂಡು ಬೆಕ್ಕಿನಲ್ಲಿ ಅದು ಮೂತ್ರನಾಳ ಕಟ್ಟಿಕೊಂಡಿರುವ ಸೂಚನೆಯಾಗಿರಬಹುದಾದ್ದರಿಂದ ಆ ಕ್ಷಣವೇ ವೈದ್ಯರಲ್ಲಿಗೆ ಒಯ್ಯಬೇಕು. ಒಟ್ಟಿನಲ್ಲಿ ದತ್ತು ಪಡೆಯುವವರು ಮಾಡಬೇಕಾದ ಕೆಲಸಗಳಲ್ಲಿ ಬಹುಪಾಲು, ಅಂದರೆ ಬಲೆ, ಕೋಣೆ, ಟ್ರೇ, ಆಹಾರದ ನಿರ್ಧಾರ, ವೈದ್ಯರ ಹುಡುಕಾಟ, ಬೆಕ್ಕು ಹೊಸ್ತಿಲು ದಾಟುವ ಮೊದಲೇ ಮುಗಿದಿರಬೇಕು. ಆ ಬಳಿಕ ಉಳಿಯುವ ಕೆಲಸ ಅದನ್ನು ಅವಸರಪಡಿಸದಿರುವುದು, ಮತ್ತು ಮಕ್ಕಳೂ ನೆಂಟರೂ ಇರುವ ಮನೆಯಲ್ಲಿ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.